ಕುಲಾವಿಗಿಂತ ಮೊದಲು ಹೊದಿಕೆ

ಹೆರಿಗೆ ವಾರ್ಡಿನ ಬಾಗಿಲು ಅರ್ಧ ತೆರೆಯುತ್ತದೆ. ಸಿಸ್ಟರ್ ತಲೆ ಹೊರಹಾಕಿ ಬಾಣಂತಿಯ ಹೆಸರು ಕೂಗಿ, ‘ಮಗೂಗೆ ಬಟ್ಟೆ ಕೊಡ್ರೀ’ ಎನ್ನುತ್ತಾರೆ. ಗಂಡೋ ಹೆಣ್ಣೋ ಎಂದು ಕೇಳಲೂ ಪುರಸೊತ್ತಿಲ್ಲ. ಬೆಂಚಿನ ಕೆಳಗಿದ್ದ ಬುಟ್ಟಿ, ಫ್ಲಾಸ್ಕು, ವೈರ್ ಬ್ಯಾಗು ಎಲ್ಲ ಮೇಲೆ ಬರುತ್ತವೆ. ತಾಯಿಯ ಕಡೆಯ ಅಜ್ಜಿ ನಾಲ್ಕು ಮಡಿಕೆ ಮಾಡಿಟ್ಟ ಹಳೇ ಪಂಚೆ ತೆಗೆಯುತ್ತಾರೆ. ಅತ್ತೆಯ ಕೈಯಲ್ಲಿ ಅಂಗಡಿಯ ಹೊಸ ಹೊದಿಕೆ. ಅದರ ಮೂಲೆಗೆ ಕರಡಿ ಕಿವಿಯ ಟೋಪಿ ಬೇರೆ, ಇನ್ನೂ ಪ್ಲಾಸ್ಟಿಕ್ ಕವರಿನಿಂದ ಹೊರಬಂದಿಲ್ಲ. ಒಳಗೆ ಹೋಗುವುದು ಯಾವುದು ಎಂಬ ಸಣ್ಣ ಜಗ್ಗಾಟದಲ್ಲಿ ಹೆಚ್ಚಾಗಿ ಪಂಚೆಯೇ ಗೆಲ್ಲುತ್ತದೆ. ಗೆಲ್ಲಬೇಕಾದದ್ದೂ ಅದೇ.

ಈ ಎರಡರ ನಡುವೆ ಮೂರನೆಯದೊಂದಿದೆ. ಮೀಟರು ಲೆಕ್ಕದಲ್ಲಿ ಫ್ಲಾನಲ್ ತಂದು, ತೊಳೆದು, ಮನೆಯಲ್ಲೇ ಹೊಲಿದ ಚೌಕ ಹೊದಿಕೆ. ಯಂತ್ರ ತುಳಿದು ನೇರ ಗೆರೆ ಹೊಲಿಯಲು ಬಂದರೆ ಒಂದು ಮಧ್ಯಾಹ್ನದ ಕೆಲಸ. ರವಿಕೆಯ ಕಂಕುಳು ಕೂರಿಸಲು ಹೆದರುವವರೂ ಇದನ್ನು ಧೈರ್ಯವಾಗಿ ಹಿಡಿಯಬಹುದು, ಅಳತೆ ಅರ್ಧ ಇಂಚು ತಪ್ಪಿದರೆ ಯಾರಿಗೂ ಬಿಗಿಯಾಗುವುದಿಲ್ಲ. ಆದರೆ ಈ ಬಟ್ಟೆಯ ಸ್ವಭಾವ ತಿಳಿದಿರಬೇಕು. ಹೊಲಿಗೆಗಿಂತ ಅದರ ಹಿಂದೆ ಮುಂದೆ ಮಾಡುವ ಕೆಲಸವೇ ಇಲ್ಲಿ ಮುಖ್ಯ.

ಕೂಸಿಗೆ ಚಳಿ ಹೇಗೆ ತಗಲುತ್ತದೆ

ತಾಯಿಯ ಹೊಟ್ಟೆಯಲ್ಲಿ 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬೆಚ್ಚನೆಯಲ್ಲಿದ್ದ ಮಗು ಹೊರಬರುವಾಗ ಮೈಯೆಲ್ಲ ಒದ್ದೆ. ಆ ಒದ್ದೆ ಆರುತ್ತ ಮೈಯ ಶಾಖವನ್ನೂ ಎಳೆದೊಯ್ಯುತ್ತದೆ. ತೂಕಕ್ಕೆ ಹೋಲಿಸಿದರೆ ಕೂಸಿನ ಚರ್ಮದ ಹರವು ಹೆಚ್ಚು, ಅದರಲ್ಲೂ ತಲೆಯದೇ ದೊಡ್ಡ ಪಾಲು. ದೊಡ್ಡವರು ಚಳಿಯಾದರೆ ನಡುಗಿ ಶಾಖ ಹುಟ್ಟಿಸಿಕೊಳ್ಳುತ್ತೇವೆ. ಹಸುಗೂಸಿಗೆ ಆ ನಡುಕ ಸರಿಯಾಗಿ ಬಾರದು. ಬೆನ್ನಿನ ಮೇಲ್ಭಾಗ, ಕುತ್ತಿಗೆ, ಮೂತ್ರಪಿಂಡಗಳ ಸುತ್ತ ಕೂಡಿಟ್ಟ ಕಂದು ಕೊಬ್ಬನ್ನು ಉರಿಸಿಕೊಂಡು ಅದು ಬೆಚ್ಚಗಿರಬೇಕು. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳಲ್ಲಿ ಈ ದಾಸ್ತಾನೂ ಕಡಿಮೆ.

ಹುಟ್ಟಿದ ಕೂಡಲೇ ಒರೆಸಿ, ತಾಯಿಯ ಬರಿಯೆದೆಯ ಮೇಲೆ ಮಲಗಿಸಿ, ಮೇಲೆ ಒಣಬಟ್ಟೆ ಮುಚ್ಚಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಈ ಕಾರಣಕ್ಕೆ. ಮೊದಲ ಸ್ನಾನವನ್ನು 24 ಗಂಟೆ ಮುಂದೂಡಿ ಎಂಬ ಸಲಹೆಯೂ ಅದರದ್ದೇ. 1978ರಲ್ಲಿ ಕೊಲಂಬಿಯಾದ ಬೊಗೊಟಾ ನಗರದ ಆಸ್ಪತ್ರೆಯೊಂದರಲ್ಲಿ ಇನ್‌ಕ್ಯುಬೇಟರುಗಳು ಸಾಲದೆ ಬಂದಾಗ ಎಡ್ಗರ್ ರೇ ಎಂಬ ವೈದ್ಯರು ಕಡಿಮೆ ತೂಕದ ಮಕ್ಕಳನ್ನು ತಾಯಂದಿರ ಎದೆಗೇ ಕಟ್ಟಿಸಿದರು. ಇಂದು ನಮ್ಮ ಜಿಲ್ಲಾಸ್ಪತ್ರೆಗಳಲ್ಲೂ ಕೇಳಿಬರುವ ಕಾಂಗರೂ ಆರೈಕೆ ಶುರುವಾದದ್ದು ಹಾಗೆ.

ಹಾಗಾಗಿ ಹೊದಿಕೆಗೆ ಎರಡನೆಯ ಜಾಗ. ತಾಯಿಯ ಮೈ ಬಿಟ್ಟು ಮಗು ಅಪ್ಪನ ಕೈಗೆ, ಅಜ್ಜಿಯ ತೊಡೆಗೆ, ತೂಕದ ಯಂತ್ರಕ್ಕೆ ಹೋಗಿ ಬರುವಾಗ ಅದಕ್ಕೆ ಕೆಲಸ. 2007ರಲ್ಲಿ ರಾಜ್ಯ ಸರ್ಕಾರ ಬಡ ಬಾಣಂತಿಯರಿಗೆಂದು ತಂದ ‘ಮಡಿಲು’ ಕಿಟ್ಟಿನಲ್ಲಿ ಸೊಳ್ಳೆಪರದೆ, ಸೋಪುಗಳ ಜೊತೆಗೆ ಮಗುವಿನ ಸ್ವೆಟರ್, ಟೋಪಿ, ಕಾಲುಚೀಲಗಳೂ ಇದ್ದವು. ಈ ಲೆಕ್ಕ ಅದನ್ನು ರೂಪಿಸಿದವರಿಗೂ ಗೊತ್ತಿತ್ತು.

ತುಪ್ಪಳದ ಗುಟ್ಟು

ಫ್ಲಾನಲ್ ಎಂದರೆ ಬೇರೆ ಜಾತಿಯ ನೂಲೇನೂ ಅಲ್ಲ. ಸಾಮಾನ್ಯ ಹಾಸು–ಹೊಕ್ಕಿನ ನೇಯ್ಗೆಯೇ, ಹೊಕ್ಕಿನ ನೂಲಿಗೆ ಮಾತ್ರ ಹುರಿ ಸ್ವಲ್ಪ ಸಡಿಲ. ನೇಯ್ದಾದ ಮೇಲೆ ಸಣ್ಣ ತಂತಿಹಲ್ಲುಗಳ ಉರುಳೆಗಳ ನಡುವೆ ಬಟ್ಟೆ ಹಾಯಿಸುತ್ತಾರೆ. ಹಲ್ಲುಗಳು ನೂಲಿನೊಳಗಿನ ಎಳೆಯ ತುದಿಗಳನ್ನು ಕೆದಕಿ ಮೇಲಕ್ಕೆಬ್ಬಿಸುತ್ತವೆ. ಬೆರಳಿಗೆ ಸಿಗುವ ಆ ಮೆತ್ತನೆಯ ತುಪ್ಪಳ ಅದೇ. ಬೆಳಕಿಗೆ ಅಡ್ಡ ಹಿಡಿದು ಅಂಚನ್ನು ನೋಡಿದರೆ ಎಳೆಗಳು ಎದ್ದು ನಿಂತಿರುವುದು ಕಾಣುತ್ತದೆ.

ಎದ್ದ ಎಳೆಗಳ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಬೆಚ್ಚಗಿಡುವುದು ಆ ಗಾಳಿ. ಆದರೆ ಫ್ಲಾನಲ್ಲಿನ ಮೇಲೆ ಬರುವ ದೂರುಗಳಿಗೆಲ್ಲ ಈ ತುಪ್ಪಳ ಮತ್ತು ಆ ಸಡಿಲ ಹುರಿಯೇ ಕಾರಣ. ಮೊದಲ ಒಗೆತಕ್ಕೇ ಕುಗ್ಗುತ್ತದೆ, ತಿಕ್ಕಿದಲ್ಲಿ ಗಂಟುಗಂಟಾಗುತ್ತದೆ, ಕತ್ತರಿಸಿದಲ್ಲಿ ದೂಳು ಉದುರಿಸುತ್ತದೆ. ಬೆಂಕಿ ತಾಗಿದರೆ ಗಪ್ಪನೆ ಹಿಡಿಯುತ್ತದೆ.

ನಮ್ಮ ಚಳ್ಳಕೆರೆ ಕಡೆಯ ಕುರಿಯುಣ್ಣೆ ಕಂಬಳಿಯದು ಇದಕ್ಕೆ ತದ್ವಿರುದ್ಧ ದಾರಿ. ಅದಕ್ಕೆ ಹುಣಸೆಬೀಜದ ಗಂಜಿ ಕೊಟ್ಟು ಬಿರುಸು ಮಾಡುತ್ತಾರೆ. ಕುರಿಗಾಹಿಯ ತಲೆಯ ಮೇಲೆ ಮಳೆ ತಡೆಯಲು ಅದು ಸೈ. ಹತ್ತು ದಿನದ ಕೂಸಿನ ಕೆನ್ನೆಗೆ ತಾಗಿದರೆ ಮನೆಯವರಾರಿಗೂ ನಿದ್ದೆಯಿಲ್ಲ.

ವೇಲ್ಸಿನ ಶಾಲಿನಿಂದ ಮಗ್ಗದ ಹತ್ತಿಗೆ

ಫ್ಲಾನಲ್ಲಿನ ಹಳೆಯ ಊರು ಬ್ರಿಟನ್ನಿನ ಪಶ್ಚಿಮದ ವೇಲ್ಸ್. ಅಲ್ಲಿ ಅದು ಉಣ್ಣೆಯ ಬಟ್ಟೆ. ಅಲ್ಲಿನ ತಾಯಂದಿರು ದೊಡ್ಡ ಶಾಲೊಂದನ್ನು ತಮಗೂ ಮಗುವಿಗೂ ಸೇರಿಸಿ ಸುತ್ತಿಕೊಂಡು, ಒಂದು ಕೈ ಬಿಡುವಾಗಿಸಿಕೊಂಡು ಪೇಟೆಗೂ ಹೊಲಕ್ಕೂ ಓಡಾಡುತ್ತಿದ್ದರು. ನ್ಯೂಟೌನ್ ಎಂಬ ಪಟ್ಟಣ ಫ್ಲಾನಲ್ಲಿನಿಂದಲೇ ಹೆಸರಾಗಿತ್ತು. ಅಲ್ಲಿ ಜವಳಿ ಅಂಗಡಿ ಇಟ್ಟಿದ್ದ ಪ್ರೈಸ್ ಜೋನ್ಸ್ 1861ರ ಹೊತ್ತಿಗೆ ಅಂಚೆಯಲ್ಲಿ ಪಟ್ಟಿ ಕಳಿಸಿ, ಬಂದ ಬೇಡಿಕೆಯಂತೆ ಬಟ್ಟೆಯನ್ನು ರೈಲಿಗೆ ಹಾಕುತ್ತಿದ್ದ. ವಿಕ್ಟೋರಿಯಾ ರಾಣಿ, ಫ್ಲಾರೆನ್ಸ್ ನೈಟಿಂಗೇಲ್ ಅವನ ಗಿರಾಕಿಗಳು. ಮನೆಯಲ್ಲೇ ಕೂತು ಬಟ್ಟೆ ತರಿಸಿಕೊಳ್ಳುವ ಚಟ ಮೊಬೈಲಿನಿಂದ ಬಂತು ಅಂದುಕೊಂಡಿರುವವರಿಗೆ ಇದನ್ನು ಹೇಳಬೇಕು.

ಉಣ್ಣೆ ದುಬಾರಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಗಿರಣಿಗಳು ಹತ್ತಿಬಟ್ಟೆಯನ್ನೇ ಕೆದಕಿ ಅಗ್ಗದ ಫ್ಲಾನಲ್ ಮಾಡತೊಡಗಿದವು. ಬಡವರ ಮಕ್ಕಳ ಮೈಮೇಲೂ ಮೆತ್ತನೆಯ ಬಟ್ಟೆ ಬಂತು. ಅದರ ಹಿಂದೆಯೇ ಸುಟ್ಟಗಾಯಗಳೂ ಬಂದವು. ಉಣ್ಣೆಗೆ ಬೆಂಕಿ ಬೇಗ ಹತ್ತುವುದಿಲ್ಲ, ಹತ್ತಿದರೂ ಹೊಗೆಯಾಡಿ ಆರುತ್ತದೆ. ಹತ್ತಿಯ ತುಪ್ಪಳ ಹಾಗಲ್ಲ, ಎಳೆಯಿಂದ ಎಳೆಗೆ ಹಾರಿ ಕ್ಷಣದಲ್ಲಿ ಮೇಲ್ಮೈಯೆಲ್ಲ ಹಬ್ಬುತ್ತದೆ. ಕೋಣೆ ಕೋಣೆಯಲ್ಲೂ ಬೆಂಕಿಗೂಡು ಉರಿಯುವ ಇಂಗ್ಲೆಂಡಿನ ಮನೆಗಳಲ್ಲಿ ರಾತ್ರಿಯಂಗಿ ತೊಟ್ಟ ಮಕ್ಕಳು ಸುಟ್ಟು ಸತ್ತ ಸುದ್ದಿ ಮತ್ತೆ ಮತ್ತೆ ಬರತೊಡಗಿತು. ಮ್ಯಾಂಚೆಸ್ಟರಿನ ರಸಾಯನ ವಿಜ್ಞಾನಿ ಕಿರಿಯ ವಿಲಿಯಂ ಪರ್ಕಿನ್ (1856ರಲ್ಲಿ ನೇರಳೆಯ ಕೃತಕ ಬಣ್ಣ ಕಂಡುಹಿಡಿದ ಹಿರಿಯ ಪರ್ಕಿನ್ನನ ಮಗ) ತವರದ ಲವಣಗಳನ್ನು ಬಟ್ಟೆಯ ಎಳೆಯೊಳಗೇ ಕೂರಿಸಿ, ಒಗೆದರೂ ಹೋಗದಂತೆ ಮಾಡುವ ವಿಧಾನ ರೂಪಿಸಿದ. ಬೆಂಕಿ ಹಿಡಿಯದ ಬಟ್ಟೆ ಎಂದು ಸುಳ್ಳು ಹೇಳಿ ಮಾರುವುದನ್ನು ತಡೆಯಲು ಬ್ರಿಟಿಷ್ ಪಾರ್ಲಿಮೆಂಟು 1913ರಲ್ಲಿ ಕಾಯ್ದೆಯನ್ನೇ ತಂದಿತು.

ಇದು ನಮಗೇಕೆ? ನಮ್ಮ ಬಾಣಂತಿ ಕೋಣೆಯನ್ನು ನೆನೆಸಿಕೊಳ್ಳಿ. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇರುತ್ತದೆ. ಎಣ್ಣೆ ನೀರು ಆದ ಮೇಲೆ ಮಗುವನ್ನು ಸಾಂಬ್ರಾಣಿ, ಲೋಬಾನದ ಹೊಗೆಯ ಮೇಲೆ ಹಿಡಿಯುವುದು ಎಲ್ಲ ಕಡೆಯೂ ಇದೆ. ಆ ಹೊಗೆ ಎಳೆಯ ಪುಪ್ಪುಸಕ್ಕೆ ಒಳ್ಳೆಯದಲ್ಲ ಎಂದು ಮಕ್ಕಳ ವೈದ್ಯರು ಹೇಳುತ್ತಲೇ ಇರುತ್ತಾರೆ, ಹಿರಿಯರು ಕೇಳಿಸಿಕೊಳ್ಳದೆಯೂ ಇರುತ್ತಾರೆ. ಕೊನೇಪಕ್ಷ ಫ್ಲಾನಲ್ ಸುತ್ತಿದ ಮಗುವನ್ನು ಕೆಂಡದ ಹತ್ತಿರ ತರಬೇಡಿ. ಹಳೇ ಪಂಚೆಯೂ ಸುಡುತ್ತದೆ, ನಿಜ. ತುಪ್ಪಳದ ಬಟ್ಟೆ ಎಚ್ಚರಗೊಳ್ಳಲು ಸಮಯ ಕೊಡುವುದಿಲ್ಲ.

ಹುಟ್ಟುವ ಮೊದಲೋ, ಆಮೇಲೋ

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಎಂದು ಆಡಿಕೊಳ್ಳುವ ನಾಡು ನಮ್ಮದು. ಮಗು ಕೈಗೆ ಬರುವತನಕ ಹೊಸದೇನನ್ನೂ ತರಬಾರದು, ಹೊಲಿಯಬಾರದು ಎಂಬ ನಂಬಿಕೆ ಈಗಲೂ ಗಟ್ಟಿ. ಹೆರಿಗೆಯಲ್ಲಿ ಕೂಸು ಉಳಿಯುವುದೇ ಅನುಮಾನವಾಗಿದ್ದ ಕಾಲದ ಅಂಜಿಕೆ ಅದು, ನಗುವಂಥದ್ದಲ್ಲ. ಮೊದಲ ದಿನಗಳಿಗೆ ಹಳೇ ಬಟ್ಟೆಯೇ ಆಗಬೇಕೆನ್ನುವುದರಲ್ಲಿ ಬಟ್ಟೆಯ ಜ್ಞಾನವೂ ಇದೆ. ವರ್ಷಗಟ್ಟಲೆ ಒಗೆದ ಪಂಚೆಯಲ್ಲಿ ಗಿರಣಿಯ ಗಂಜಿ ಉಳಿದಿರುವುದಿಲ್ಲ, ಬಿಡುವ ಬಣ್ಣವೂ ಇರುವುದಿಲ್ಲ, ಕುಗ್ಗುವಷ್ಟು ಕುಗ್ಗಿ ಮುಗಿದಿರುತ್ತದೆ. ಹೊಸ ಬಟ್ಟೆಗೆ ಈ ಮೂರೂ ಗುಣ ಬರಿಸುವುದೇ ನಮ್ಮ ಕೆಲಸ.

ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ಕೌದಿ ಹೊಲಿಯುವವರು ಇದನ್ನು ಮೊದಲಿನಿಂದ ಬಲ್ಲರು. ಅವ್ವನ ಹಳೇ ಇಳಕಲ್ ಸೀರೆ, ಅಜ್ಜನ ಧೋತರ, ಸಾವಿರ ಒಗೆತ ಕಂಡ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ ದಾರ ಹಾಕುತ್ತಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿ ಹೆಂಗಸರು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಮಡಿಚಿದ ಬಟ್ಟೆಯ ‘ಫೂಲ್’ ಕೂರಿಸದಿದ್ದರೆ ಅವರ ಕೌದಿ ಮುಗಿದಂತಲ್ಲ. ಕೌದಿ ಮಗುವಿನ ಕೆಳಗೆ ಹಾಸಲು ಚೆನ್ನ. ಸುತ್ತಲು ತೂಕ ಹೆಚ್ಚು.

ನಂಬಿಕೆ ಮುರಿಯಲು ಮನಸ್ಸಿಲ್ಲದವರಿಗೆ ಫ್ಲಾನಲ್ ಅನುಕೂಲದ್ದೇ. ಬಟ್ಟೆ ತಂದು ಎರಡು ಸಲ ಒಗೆದು ಮಡಿಚಿಡಿ. ಮಗು ಹುಟ್ಟಿದ ಮೇಲೆ ಹೊಲಿಗೆ ಹಾಕಿದರಾಯಿತು. ಆ ತನಕ ಪಂಚೆ ಇದ್ದೇ ಇದೆ.

ಅಂಗಡಿಯಲ್ಲಿ

ಚಿಕ್ಕಪೇಟೆಯಂಥ ಕಡೆ ‘ಫ್ಲಾನಲ್’ ಎಂದರೆ ಎರಡು ಬಗೆಯ ಬಟ್ಟೆ ಹಾಸುತ್ತಾರೆ: ಹತ್ತಿಯದು, ಮತ್ತು ನೋಡಲು ಇನ್ನೂ ಹೊಳಪಾಗಿರುವ ಪಾಲಿಯೆಸ್ಟರಿನದು. ಎರಡನೆಯದು ಬೆವರು ಹೀರುವುದಿಲ್ಲ. ಸಂಶಯ ಬಂದರೆ ಅಂಚಿನಿಂದ ನಾಲ್ಕು ಎಳೆ ಕೇಳಿ ತಂದು, ಮನೆಯಲ್ಲಿ ಬೆಂಕಿ ಕಡ್ಡಿ ತೋರಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಪನ್ನ ಎಷ್ಟೆಂದು ಕೇಳಲು ಮರೆಯಬೇಡಿ. 36 ಇಂಚು ಪನ್ನದ್ದು ಒಗೆದ ಮೇಲೆ 34ಕ್ಕೆ ಇಳಿದೀತು. ಮೊದಲೆರಡು ತಿಂಗಳಿಗೆ ಸಾಲುತ್ತದೆ, ಆಮೇಲೆ ಕಾಲು ಹೊರಬರುತ್ತದೆ. 44ರ ಪನ್ನ ಸಿಕ್ಕರೆ ಒಳ್ಳೆಯದು. ಒಂದು ಪದರದ ಹೊದಿಕೆಗೆ 1.10 ಮೀಟರು, ಎರಡು ಪದರಕ್ಕೆ ಅದರ ದುಪ್ಪಟ್ಟು. ಹರಿದುಕೊಡುವ ಅಂಗಡಿಯವನು ಸಿಕ್ಕರೆ ಬೇಡವೆನ್ನಬೇಡಿ. ಹರಿದರೆ ಎಳೆಯ ಜಾಡಿನಲ್ಲೇ ನೇರ ಹೋಗುತ್ತದೆ. ಕತ್ತರಿ ಓರೆ ಹೋಗಬಹುದು, ಆಗ ಒಗೆದ ಮೇಲೆ ಚೌಕ ಸೊಟ್ಟಗಾಗುತ್ತದೆ.

ಎಷ್ಟು ಪದರ ಎಂಬುದನ್ನು ಊರು ಹೇಳುತ್ತದೆ. ಮಡಿಕೇರಿಯ ಜುಲೈಗೆ ಎರಡು ಪದರ ಬೇಕು, ಬೆಂಗಳೂರಿನ ಡಿಸೆಂಬರಿಗೂ ನಡೆಯುತ್ತದೆ. ಕಲಬುರಗಿ, ರಾಯಚೂರಿನಲ್ಲಿ ಏಪ್ರಿಲ್ ತಿಂಗಳ ಹೆರಿಗೆಯಾದರೆ ಫ್ಲಾನಲ್ಲಿನ ಯೋಚನೆಯನ್ನೇ ಬಿಟ್ಟು ಮಲ್‌ಮಲ್ ಬಟ್ಟೆ ತನ್ನಿ.

ಹೊಲಿಗೆ

ಮೊದಲು ಒಗೆತ. ಬಿಸಿನೀರಲ್ಲಿ, ಹದವಾದ ಸೋಪಿನಲ್ಲಿ, ಎರಡು ಸಲ. ಘಮಘಮಿಸುವ ದ್ರವ ಬೇಡ, ಎಳೆಗೆ ಮೆತ್ತಿಕೊಂಡು ಹೀರುವ ಗುಣ ಕಳೆಯುತ್ತದೆ. ಒಗೆಯದೆ ಹೊಲಿದರೆ ಎರಡು ಬಟ್ಟೆಗಳು ಬೇರೆ ಬೇರೆ ಲೆಕ್ಕದಲ್ಲಿ ಕುಗ್ಗಿ ಅಂಚು ಸುಕ್ಕುಗಟ್ಟುತ್ತದೆ. ಆಮೇಲೆ ಯಾವ ಇಸ್ತ್ರಿಗೂ ಅದು ಬಗ್ಗದು.

ಇಸ್ತ್ರಿ ಮಾಡಿ, 40 ಇಂಚಿನ ಎರಡು ಚೌಕ ಕತ್ತರಿಸಿ. ಮೂಲೆಯಿಂದ ಮೂಲೆಗೆ ಮಡಿಚಿ ನೋಡಿದರೆ ಚೌಕ ಸರಿಯಿದೆಯೇ ಗೊತ್ತಾಗುತ್ತದೆ. ಪ್ರತಿ ಮೂಲೆಗೂ ಊಟದ ತಟ್ಟೆ ಬೋರಲು ಹಾಕಿ ಚಾಕ್‌ಪೀಸಿನಲ್ಲಿ ಸುತ್ತು ಎಳೆದು ಗುಂಡಗೆ ಕತ್ತರಿಸಿ. ಚೂಪು ಮೂಲೆ ತಿರುಗಿಸುವ ಕಷ್ಟ ತಪ್ಪುತ್ತದೆ, ನೋಡಲೂ ಚೆಂದ.

ಬಣ್ಣದ ಮುಖಗಳನ್ನು ಒಳಗೆ ಮಾಡಿ ಒಂದರ ಮೇಲೊಂದು ಹಾಸಿ. ಇಲ್ಲಿ ತುಪ್ಪಳ ತನ್ನ ಬುದ್ಧಿ ತೋರಿಸುತ್ತದೆ. ಎರಡು ಬಟ್ಟೆಯ ಎಳೆಗಳು ಒಂದನ್ನೊಂದು ಕಚ್ಚಿಕೊಂಡಿರುತ್ತವೆ. ಯಂತ್ರದ ಹಲ್ಲು ಕೆಳಗಿನ ಪದರ ಎಳೆಯುತ್ತದೆ, ಮೇಲಿನದನ್ನು ಪಾದ ಹಿಂದಕ್ಕೆ ತಳ್ಳುತ್ತದೆ. ಹೊಲಿದು ಮುಗಿದಾಗ ನೋಡಿದರೆ ಮೇಲಿನ ಬಟ್ಟೆ ಅರ್ಧ ಇಂಚು ಮುಂದೆ ಬಂದು ನಿಂತಿರುತ್ತದೆ. ಅದಕ್ಕೆ ಮೂರು ಮೂರು ಇಂಚಿಗೆ ಗುಂಡುಸೂಜಿ ಚುಚ್ಚಿ ಅಥವಾ ಕೈಯಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಪಾದದ ಒತ್ತಡ ಸಡಿಲಿಸಿ. 14 ನಂಬರಿನ ಹೊಸ ಸೂಜಿ ಹಾಕಿ, ಹೊಲಿಗೆಯನ್ನು ಸ್ವಲ್ಪ ಉದ್ದ ಇಡಿ.

ಒಂದು ಬದಿಯ ನಡುವಿನಿಂದ ಶುರುಮಾಡಿ, ಅರ್ಧ ಇಂಚು ಬಿಟ್ಟು ಸುತ್ತ ಹೊಲಿಯುತ್ತ ಬನ್ನಿ. ಶುರುವಾದ ಜಾಗಕ್ಕಿಂತ ಐದು ಇಂಚು ಹಿಂದೆಯೇ ನಿಲ್ಲಿಸಿ. ಎರಡೂ ತುದಿಗೆ ಹಿಂದೆ ಮುಂದೆ ಹೊಲಿದು ಬಿಗಿ ಮಾಡಿ. ಗುಂಡು ಮೂಲೆಗಳಲ್ಲಿ ಹೊಲಿಗೆಗೆ ತಾಗದಂತೆ ಸಣ್ಣ ಕಚ್ಚು ಹಾಕಿ. ಉಳಿದ ಬಾಯಿಯಿಂದ ಕೈ ತೂರಿಸಿ ದೂರದ ಮೂಲೆ ಹಿಡಿದೆಳೆದರೆ ಇಡೀ ಹೊದಿಕೆ ಮಗುಚಿಕೊಂಡು ಹೊರಗೆ ಬರುತ್ತದೆ. ಮೊದಲ ಸಲ ಹೊಲಿಯುವವರಿಗೆ ಇದೇ ಖುಷಿಯ ಗಳಿಗೆ.

ಖುಷಿಯಲ್ಲಿ ಒಂದು ಕೆಲಸ ಮರೆಯಬಾರದು. ಮಗುಚುವ ಮೊದಲು ಒಳಗಿನ ಸಡಿಲ ದಾರಗಳನ್ನೆಲ್ಲ ಕತ್ತರಿಸಿ. ಕೂಸಿನ ಕಾಲ್ಬೆರಳಿಗೆ ಒಂದೇ ಒಂದು ಎಳೆ ಸುತ್ತಿಕೊಂಡು ರಕ್ತ ನಿಂತು ಬೆರಳು ಊದುವುದುಂಟು. ಬಾಯಿ ಬಿಟ್ಟು ಹೇಳಲಾರದ ಮಗು ಗಂಟೆಗಟ್ಟಲೆ ಅಳುತ್ತದೆ, ಮನೆಯವರು ಹೊಟ್ಟೆನೋವೆಂದು ಓಮದ ನೀರು ಹುಡುಕುತ್ತಾರೆ. ಕುಚ್ಚು, ಜರಿ, ತೂತಿನ ಲೇಸು, ಗುಂಡಿ, ಮಿಣುಕು ಯಾವುದೂ ಬೇಡ ಎನ್ನುವುದು ಅದಕ್ಕೇ.

ಬಾಯಿಯ ಅಂಚನ್ನು ಒಳಮಡಿಚಿ, ಸುತ್ತಲೂ ಕಾಲು ಇಂಚಿಗೆ ಮೇಲುಹೊಲಿಗೆ ಕೊಟ್ಟರೆ ಅದೂ ಮುಚ್ಚಿಕೊಳ್ಳುತ್ತದೆ. ಪದರಗಳು ಜಾರದಂತೆ ನಡುವೆ ಎರಡು ಅಡ್ಡಗೆರೆ ಹೊಲಿಯಿರಿ. ಒಂದೇ ಪದರದ್ದಾದರೆ ಇಷ್ಟೂ ಇಲ್ಲ, ಅಂಚನ್ನು ಎರಡು ಮಡಿಕೆ ಮಾಡಿ ಹೊಲಿದರೆ ಮುಗಿಯಿತು. ಕೊನೆಗೆ ಬಾಬಿನ್ ಡಬ್ಬಿ ತೆಗೆದು ನೋಡಿ. ಬೂದು ಬಣ್ಣದ ತುಪ್ಪಳ ಗೂಡುಕಟ್ಟಿರುತ್ತದೆ. ಬ್ರಷ್ಷಿನಲ್ಲಿ ತೆಗೆದು ಒಂದು ಹನಿ ಎಣ್ಣೆ ಬಿಡಿ, ಇಲ್ಲದಿದ್ದರೆ ಮುಂದಿನ ರವಿಕೆಗೆ ಯಂತ್ರ ಮುನಿಸಿಕೊಳ್ಳುತ್ತದೆ.

ಸುತ್ತಬಹುದು, ಹೊದಿಸಬಾರದು

ಇದನ್ನು ಹೇಳಿದರೆ ಮನೆಯಲ್ಲಿ ಹಿರಿಯರ ಹುಬ್ಬು ಗಂಟಿಕ್ಕುತ್ತದೆ. ಆದರೂ ಹೇಳಬೇಕು. ಒಂದು ವರ್ಷದೊಳಗಿನ ಮಗು ಮಲಗುವ ಜಾಗದಲ್ಲಿ ಸಡಿಲವಾದ ಹೊದಿಕೆ, ದಿಂಬು ಇರಕೂಡದು, ಮಗುವನ್ನು ಸಮತಟ್ಟಾದ ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಿಸಬೇಕು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ ಮತ್ತೊಮ್ಮೆ ಹೇಳಿದೆ. ಮುಖದ ಮೇಲೆ ಬಂದ ಬಟ್ಟೆಯನ್ನು ಸರಿಸಲು ಆ ಕೈಗಳಿಗೆ ಬಾರದು. ಅಂಗಾತ ಮಲಗಿಸಿ ಎಂಬ ಸಲಹೆ 1990ರ ದಶಕದಲ್ಲಿ ಹಬ್ಬಿದ ಮೇಲೆ ಅಲ್ಲಿ ನಿದ್ದೆಯಲ್ಲಿ ಹಠಾತ್ತನೆ ಸಾಯುವ ಶಿಶುಗಳ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ನಮ್ಮ ಹೊದಿಕೆ ಎತ್ತಿಕೊಳ್ಳುವಾಗಿನದು, ಎಚ್ಚರವಿರುವವರ ಕಣ್ಣೆದುರಿನದು. ಮಲಗಿಸುವಾಗ ಬೆಚ್ಚನೆಯ ಅಂಗಿ ಸಾಕು.

ಸುತ್ತುವುದಕ್ಕೂ ಕ್ರಮವಿದೆ. ಎದೆ, ತೋಳು ಹಿತವಾಗಿ ಬಿಗಿಯಾಗಿರಲಿ, ಸೊಂಟದ ಕೆಳಗೆ ಸಡಿಲವಿರಲಿ. ಕೂಸಿನ ಮೊಣಕಾಲು ಮಡಿಚಿ ಹೊರಕ್ಕೆ ವಾಲಿರುವುದೇ ಸಹಜ. ಕಾಲನ್ನು ಎಳೆದು ನೇರಮಾಡಿ ಬಿಗಿದರೆ ಸೊಂಟದ ಕೀಲು ಗೂಡಿನಿಂದ ಜಾರುವ ಅಪಾಯವಿದೆ. ಜಪಾನಿನಲ್ಲಿ ಹಾಗೆ ಬಿಗಿಯುವ ಪದ್ಧತಿ ಬಿಡಿಸಲು 1975ರ ಸುಮಾರಿಗೆ ಅಜ್ಜಿಯರಿಗೇ ತಿಳಿಹೇಳುವ ಅಭಿಯಾನ ನಡೆದು, ಸೊಂಟ ಜಾರಿದ ಮಕ್ಕಳ ಪ್ರಮಾಣ ತೀರಾ ಇಳಿಯಿತು. ಯಾರಿಗೆ ಹೇಳಿದರೆ ಕೆಲಸವಾದೀತೆಂದು ಅಲ್ಲಿನವರಿಗೆ ಸರಿಯಾಗಿ ಗೊತ್ತಿತ್ತು. ಕುತ್ತಿಗೆ ನಿಂತ ಮಗುವನ್ನು ಸೊಂಟದ ಮೇಲೆ ಕಾಲಗಲಿಸಿ ಕೂರಿಸಿಕೊಳ್ಳುವ ನಮ್ಮ ರೂಢಿಯಿದೆಯಲ್ಲ, ಅದು ಆ ಕೀಲಿಗೆ ಒಳ್ಳೆಯದೇ. ಮಗು ಮಗುಚಿಕೊಳ್ಳಲು ಹವಣಿಸುವ ಲಕ್ಷಣ ಕಂಡಿತೆಂದರೆ ಸುತ್ತುವ ಕಾಲ ಮುಗಿಯಿತು.

ಚಳಿಯೋ ಸೆಕೆಯೋ ತಿಳಿಯಲು ಅಂಗೈ ಅಂಗಾಲು ಮುಟ್ಟಬೇಡಿ, ಅವು ತಣ್ಣಗಿರುವುದು ಮಾಮೂಲು. ಕತ್ತಿನ ಹಿಂಭಾಗಕ್ಕೆ ಬೆರಳಿಡಿ. ಅಲ್ಲಿ ಬೆವರಿದ್ದರೆ ಒಂದು ಪದರ ತೆಗೆಯಿರಿ.

ಒಂದು ಸಾಲದು

ಹಾಲು ಕಕ್ಕುತ್ತದೆ, ಉಚ್ಚೆ ನೆನೆಯುತ್ತದೆ, ಅಂಬೆಗಾಲಿಡುವ ಮೊದಲು ಅದೇ ನೆಲಹಾಸಾಗುತ್ತದೆ. ಉಡುಗೊರೆ ಕೊಡುವವರು ಕಸೂತಿ ಹಾಕಿದ ಒಂದು ಹೊದಿಕೆಗಿಂತ ಸಾದಾ ಮೂರು ಕೊಟ್ಟರೆ ಬಾಣಂತಿ ಹೆಚ್ಚು ನೆನೆಯುತ್ತಾಳೆ: ಒಂದು ಮಗುವಿನ ಮೈಮೇಲೆ, ಒಂದು ತಂತಿಯ ಮೇಲೆ, ಒಂದು ಕಪಾಟಿನಲ್ಲಿ. ಮಲೆನಾಡಿನ ಮಳೆಗಾಲದಲ್ಲಿ ಎರಡು ಪದರದ ಫ್ಲಾನಲ್ ಎರಡು ದಿನವಾದರೂ ಆರುವುದಿಲ್ಲ. ಅಲ್ಲಿಗೆ ಒಂದು ಪದರದವು ಐದು ಹೊಲಿದುಕೊಡಿ.